ಕರ್ನೆಲ್ ಹಾಕುವುದು, ಕರ್ನೆಲ್ ಸಾಕುವುದು

ಕಾಸರಗೋಡು, ಮಂಜೇಶ್ವರ ತಾಲೂಕುಗಳ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಮಕ್ಕಳು ಐಸಿಟಿ ಕಲಿಯುವುದು ವಿಂಡೋಸ್ ಮೇಲಲ್ಲ. 2001ರಲ್ಲಿ ಐಟಿ ಅಟ್ ಸ್ಕೂಲ್ ಎಂಬ ಹೆಸರಿನಲ್ಲಿ ಶುರುವಾಗಿ 2017ರಲ್ಲಿ ಕೈಟ್ ಎಂಬ ಸರಕಾರಿ ಕಂಪೆನಿಯಾದ ಕೇರಳದ ಯೋಜನೆಯು ಉಬುಂಟುವನ್ನು ಶಾಲೆಗೆ ಬೇಕಾದ ಹಾಗೆ ತಿದ್ದಿ, ತನ್ನದೇ ಗ್ನು/ಲಿನಕ್ಸ್ ಆವೃತ್ತಿಯನ್ನು ಹಂಚುತ್ತ ಬಂದಿದೆ. 2019ರಲ್ಲಿ ಕೊಟ್ಟದ್ದು ಉಬುಂಟು 18.04ರ ಮೇಲೆ ಕಟ್ಟಿದ್ದು, 2024ರಲ್ಲಿ ಕೊಟ್ಟದ್ದು 22.04ರ ಮೇಲೆ. 2019ರ ಆವೃತ್ತಿ ರಾಜ್ಯದ ಎರಡು ಲಕ್ಷಕ್ಕೂ ಹೆಚ್ಚು ಶಾಲಾ ಕಂಪ್ಯೂಟರುಗಳಿಗೆ ಹೋಗುವಾಗ, ಲೈಸೆನ್ಸ್ ಖರ್ಚಿನಲ್ಲಿ 3,000 ಕೋಟಿ ರೂಪಾಯಿ ಉಳಿಯಿತೆಂದು ಲೆಕ್ಕ ಹೇಳಲಾಗಿತ್ತು. ಇಷ್ಟು ಹಣ ಕೊಟ್ಟು ಯಾವ ಸರಕಾರವೂ ಕೊಳ್ಳುತ್ತಿರಲಿಲ್ಲ ಎಂದು ತಕರಾರು ತೆಗೆಯಬಹುದು, ಅದು ಬೇರೆ ಮಾತು. ಇಲ್ಲಿ ಮುಖ್ಯವಾದದ್ದು ಲೈಸೆನ್ಸಿನ ಇನ್ನೊಂದು ಮುಖ: ಈ ವ್ಯವಸ್ಥೆಯ ಯಾವ ಭಾಗವನ್ನಾದರೂ ಕಿತ್ತು ಬೇರೆಯದನ್ನು ಕೂರಿಸುವ ಹಕ್ಕು ಬಳಕೆದಾರನಿಗಿದೆ. ಕರ್ನೆಲನ್ನೂ ಬದಲಿಸಬಹುದು. ಒಂದೆರಡು ಆಜ್ಞೆ ಟೈಪ್ ಮಾಡಿ ರೀಸ್ಟಾರ್ಟ್ ಮಾಡಿದರೆ ಕೆಲಸ ಮುಗಿಯಿತು. ಇಷ್ಟು ಸುಲಭವಾದ್ದರಿಂದಲೇ ಈ ರೂಢಿಯನ್ನು ಸ್ವಲ್ಪ ಅನುಮಾನದಿಂದ ನೋಡಬೇಕಾಗಿದೆ. ಕರ್ನೆಲ್ ಹಾಕುವುದು ಒಂದು ದಿನದ ಕೆಲಸ, ಸಾಕುವುದು ವರ್ಷಗಟ್ಟಲೆಯ ಕೆಲಸ. ಬದಲಿ ಕರ್ನೆಲಿನ ಗುಣವನ್ನು ಈ ಎರಡನೆಯದರಿಂದಲೇ ಅಳೆಯಬೇಕು ಎಂಬುದು ನನ್ನ ವಾದ.

ಮೊದಲು ಕರ್ನೆಲ್ ಏನನ್ನು ಮುಟ್ಟುತ್ತದೆ, ಏನನ್ನು ಮುಟ್ಟುವುದಿಲ್ಲ ಎಂಬುದು ಸ್ಪಷ್ಟವಾಗಬೇಕು. ಪ್ರೊಸೆಸರಿನ ಸಮಯವನ್ನು ಪ್ರೋಗ್ರಾಮುಗಳಿಗೆ ಹಂಚುವುದು, ಮೆಮೊರಿ ನೋಡಿಕೊಳ್ಳುವುದು, ಡಿಸ್ಕು, ವೈಫೈ, ಪರದೆ ಮುಂತಾದ ಯಂತ್ರಭಾಗಗಳ ಜೊತೆ ಮಾತಾಡುವುದು ಅದರ ಕೆಲಸ. ಕನ್ನಡ ಮಾಧ್ಯಮದ ಹುಡುಗಿಯೊಬ್ಬಳಿಗೆ ಒತ್ತಕ್ಷರ ಸರಿಯಾಗಿ ಮೂಡದಿದ್ದರೆ ಅದು ಫಾಂಟಿನದೋ ಹಾರ್ಫ್‌ಬಜ್‌ನಂಥ ಅಕ್ಷರ ಜೋಡಿಸುವ ತಂತ್ರಾಂಶದ್ದೋ ದೋಷ. ಇನ್‌ಸ್ಕ್ರಿಪ್ಟ್ ಕೀಲಿಮಣೆ ಕೈಕೊಟ್ಟರೆ ಐಬಸ್ ಅನ್ನು ನೋಡಬೇಕು. ಇವೆಲ್ಲ ಕರ್ನೆಲಿನ ಮೇಲೆ ನಡೆಯುವ ವ್ಯವಹಾರ, ಹೊಸ ಕರ್ನೆಲ್ ಹಾಕಿದರೆ ಅಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಆಗುವುದಿಲ್ಲ. ಕಂಪ್ಯೂಟರಿನ ಯಾವ ಕಾಯಿಲೆಗೂ ಕರ್ನೆಲೇ ಮದ್ದು ಎಂಬ ನಂಬಿಕೆ ಉತ್ಸಾಹಿಗಳಲ್ಲಿ ಬೇರೂರಿದೆ. ಬದಲಿ ಕರ್ನೆಲುಗಳ ಪೈಕಿ ಬಹುಪಾಲನ್ನು ಹಾಕಿಸಿರುವುದು ಈ ನಂಬಿಕೆಯೇ ಹೊರತು ಅಗತ್ಯವಲ್ಲ.

ನಿಜವಾದ ಅಗತ್ಯ ಹುಟ್ಟುವುದು ಯಂತ್ರ ಹೊಸದು, ಕರ್ನೆಲ್ ಹಳೆಯದು ಆದಾಗ. ರಿಯಲ್‌ಟೆಕ್ ಕಂಪೆನಿಯ 8821ಸಿಇ ಎಂಬ ವೈಫೈ ಚಿಪ್ ಅಗ್ಗದ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಸಿಗುತ್ತದೆ. ಅದಕ್ಕೆ ಬೇಕಾದ ಡ್ರೈವರ್ ಲಿನಕ್ಸ್ ಕರ್ನೆಲಿನ ಒಳಗೇ ಬಂದದ್ದು 5.9ರಲ್ಲಿ. ಉಬುಂಟು 18.04 ಶುರುವಾದದ್ದು 4.15ರಿಂದ, ಅಧಿಕೃತವಾಗಿ ಮುಟ್ಟಿದ್ದು 5.4ರವರೆಗೆ ಮಾತ್ರ. ಹಾಗಾಗಿ ಆ ಲ್ಯಾಪ್‌ಟಾಪಿಗೆ ಹೊರಗಿನಿಂದ ಡ್ರೈವರ್ ತಂದು ಜೋಡಿಸಬೇಕಿತ್ತು. 22.04 ಬಂದದ್ದೇ 5.15ರ ಜೊತೆಗಾದ್ದರಿಂದ ಆ ತೊಡಕು ತಾನಾಗಿ ನೀಗಿತು. ಆದರೆ ಅಷ್ಟರಲ್ಲಿ ಅದೇ ಕಂಪೆನಿಯ 8852ಬಿಇ ಚಿಪ್ ಮಾರುಕಟ್ಟೆಗೆ ಬಂದಿತ್ತು, ಅದರ ಡ್ರೈವರ್ ಒಳಸೇರಿದ್ದು 6.2ರಲ್ಲಿ. ಇಂಥ ಕಡೆ ಹೊಸ ಯಂತ್ರಗಳಿಗೆಂದು ಉಬುಂಟುವೇ ಕೊಡುವ ಎಚ್‌ಡಬ್ಲ್ಯುಇ ಕರ್ನೆಲ್ ಹಾಕುವುದು ಶೋಕಿಯಲ್ಲ. ಇಂಟರ್ನೆಟ್ ಇಲ್ಲದ ಲ್ಯಾಪ್‌ಟಾಪನ್ನು ತರಗತಿಯಲ್ಲಿ ಇಟ್ಟುಕೊಂಡು ಮಾಡುವುದೇನು? 22.04ರ ಎಚ್‌ಡಬ್ಲ್ಯುಇ ಸರಣಿ 5.19, 6.2, 6.5 ಎಂದು ಏರುತ್ತ 2024ರಲ್ಲಿ 6.8ಕ್ಕೆ ಬಂದು ನಿಂತಿತು. ಇದನ್ನು ಹಾಕಿದವನು ಉಬುಂಟುವಿನ ಭದ್ರತಾ ತಂಡದ ಆಶ್ರಯದಿಂದ ಹೊರಗೆ ಹೋಗುವುದಿಲ್ಲ. ಮಾಮೂಲಿ ಅಪ್‌ಡೇಟಿನ ದಾರಿಯಲ್ಲೇ ತಿದ್ದುಪಡಿಗಳು ಬರುತ್ತವೆ, ಸೆಕ್ಯೂರ್ ಬೂಟ್ ಒಪ್ಪುವ ಸಹಿಯೂ ಅದರ ಮೇಲಿರುತ್ತದೆ. ಬದಲಿ ಕರ್ನೆಲುಗಳಲ್ಲಿ ಶಾಲೆಗೆ ನಾನು ನಿಸ್ಸಂಕೋಚವಾಗಿ ಹೇಳುವುದು ಇದೊಂದನ್ನೇ.

ವೇಗದ ಹೆಸರಿನಲ್ಲಿ ಬರುವ ಕ್ಸಾನ್‌ಮಾಡ್, ಲಿಕೋರಿಕ್ಸ್ ಮುಂತಾದವುಗಳ ಕಥೆ ಬೇರೆ. ಅವನ್ನು ಕಟ್ಟುವವರ ಜಾಣ್ಮೆಯ ಬಗ್ಗೆ ನನಗೆ ಗೌರವವಿದೆ. ಲಿನಕ್ಸಿನ ಇತಿಹಾಸದಲ್ಲಿ ಹೊರಗಿನ ಕರ್ನೆಲುಗಳು ಒಳಗಿನದನ್ನು ತಿದ್ದಿದ ಉದಾಹರಣೆಗಳೂ ಇವೆ. ಆಸ್ಟ್ರೇಲಿಯಾದ ಅರಿವಳಿಕೆ ವೈದ್ಯ ಕಾನ್ ಕೊಲಿವಾಸ್ ಬಿಡುವಿನ ವೇಳೆಯಲ್ಲಿ ಬರೆದ ಶೆಡ್ಯೂಲರ್ (ಪ್ರೊಸೆಸರಿನ ಸಮಯ ಹಂಚುವ ಭಾಗ), ಡೆಸ್ಕ್‌ಟಾಪ್ ಬಳಕೆದಾರನಿಗೆ ನ್ಯಾಯ ಸಿಗುತ್ತಿಲ್ಲ ಎಂಬ ವಾದವನ್ನು ಮುಂದಿಟ್ಟಿತು. ಸಮಯವನ್ನು ಸಮನಾಗಿ ಹಂಚುವ ಅದೇ ವಿಚಾರವನ್ನು ಕರ್ನೆಲ್ ಡೆವಲಪರ್ ಇಂಗೊ ಮೊಲ್ನಾರ್ ತಮ್ಮ ರೀತಿಯಲ್ಲಿ ಬರೆದರು, ಅದು 2007ರಲ್ಲಿ ಮುಖ್ಯ ಕರ್ನೆಲ್ ಸೇರಿತು. ಕೊಲಿವಾಸರದ್ದು ಸೇರಲಿಲ್ಲ. ಅವರು ಹೊರಗೇ ಉಳಿದು ಬೇರೆ ಶೆಡ್ಯೂಲರುಗಳನ್ನು ಬರೆದು, 2021ರ ಹೊತ್ತಿಗೆ ಕೈಬಿಟ್ಟರು. ಅವರ ಕೆಲಸವನ್ನು ನೆಚ್ಚಿಕೊಂಡಿದ್ದ ಲಿಕೋರಿಕ್ಸ್ ಬೇರೆ ಶೆಡ್ಯೂಲರ್ ಹುಡುಕಿಕೊಳ್ಳಬೇಕಾಯಿತು. ಒಬ್ಬ ವ್ಯಕ್ತಿಯ ಬಿಡುವಿನ ಮೇಲೆ ನಿಂತ ಕರ್ನೆಲ್ ಆ ಬಿಡುವು ಮುಗಿದಾಗ ಏನಾಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಇನ್ನು ವೇಗದ ವಿಚಾರ. ಹಳೆಯ ಶಾಲಾ ಯಂತ್ರ ನಿಧಾನವಾಗುವುದು ಸಾಮಾನ್ಯವಾಗಿ ತಿರುಗುವ ಹಾರ್ಡ್‌ಡಿಸ್ಕಿನಿಂದ, ಕಡಿಮೆ ರ‍್ಯಾಮಿನಿಂದ. ಶೆಡ್ಯೂಲರ್ ಎಷ್ಟೇ ಚುರುಕಾಗಿದ್ದರೂ ಡಿಸ್ಕಿನಿಂದ ಬರಬೇಕಾದ ಫೈಲನ್ನು ಮೊದಲೇ ತರಲಾರದು. ಅದೇ ಯಂತ್ರಕ್ಕೆ ಒಂದು ಎಸ್‌ಎಸ್‌ಡಿ ಹಾಕಿದರೆ ಕಾಣುವ ಫರಕು ಯಾವ ಕರ್ನೆಲಿನಿಂದಲೂ ಕಾಣುವುದಿಲ್ಲ. ಇದರಲ್ಲಿ ಒಂದು ವಿಡಂಬನೆಯೂ ಇದೆ: ಕ್ಸಾನ್‌ಮಾಡ್ ತನ್ನ ಕರ್ನೆಲನ್ನು ಪ್ರೊಸೆಸರಿನ ಪೀಳಿಗೆಗೆ ತಕ್ಕಂತೆ ಬೇರೆಬೇರೆಯಾಗಿ ಕಟ್ಟಿ ಕೊಡುತ್ತದೆ. ಮೂರನೆಯ ಹಂತದ್ದಕ್ಕೆ ಎವಿಎಕ್ಸ್2 ಸೌಲಭ್ಯವಿರುವ, ಇಂಟೆಲ್‌ನಲ್ಲಾದರೆ 2013ರ ಹ್ಯಾಸ್‌ವೆಲ್ ಅಥವಾ ಅದರ ಮುಂದಿನ, ಪ್ರೊಸೆಸರ್ ಬೇಕು. ವೇಗದ ಆಸೆ ಹೆಚ್ಚಿರುವುದು ಅದಕ್ಕಿಂತ ಹಳೆಯ ಯಂತ್ರ ಇಟ್ಟುಕೊಂಡವರಿಗೆ. ಅವರು ಅರಿಯದೆ ಅದನ್ನೇ ಆರಿಸಿದರೆ ಯಂತ್ರ ಬೂಟೇ ಆಗುವುದಿಲ್ಲ.

ಧ್ವನಿಮುದ್ರಣದ ಪ್ರಶ್ನೆಯನ್ನು ಇಷ್ಟು ಸುಲಭವಾಗಿ ತಳ್ಳಿಹಾಕಲಾಗದು. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಇರುವ ಸೀಮೆ ಇದು. ಭಾಗವತಿಕೆಯನ್ನೂ ಚೆಂಡೆ ಮದ್ದಳೆಯನ್ನೂ ಬೇರೆಬೇರೆ ಟ್ರ್ಯಾಕಿನಲ್ಲಿ ಮುದ್ರಿಸಿ, ಹಾಡುವವನ ಕಿವಿಗೆ ಅದೇ ಕ್ಷಣದಲ್ಲಿ ಕೇಳಿಸಬೇಕಾದರೆ ಕೆಲವು ಮಿಲಿಸೆಕೆಂಡುಗಳ ವಿಳಂಬವೂ ತಾಳ ಕೆಡಿಸುತ್ತದೆ. 48 ಕಿಲೋಹರ್ಟ್ಸ್‌ನಲ್ಲಿ 128 ಫ್ರೇಮಿನ ಬಫರ್ ಎಂದರೆ ಸುಮಾರು 2.7 ಮಿಲಿಸೆಕೆಂಡು, ಅಷ್ಟರೊಳಗೆ ಕರ್ನೆಲ್ ಧ್ವನಿಯ ಕೆಲಸಕ್ಕೆ ದಾರಿ ಬಿಡದಿದ್ದರೆ ಪಟ್ ಎಂಬ ಸದ್ದು ಮುದ್ರಣದಲ್ಲಿ ಉಳಿಯುತ್ತದೆ. ಉಬುಂಟುವಿನ ಲೋ ಲೇಟೆನ್ಸಿ ಕರ್ನೆಲ್ ಹುಟ್ಟಿದ್ದು ಇಂಥ ಕೆಲಸಕ್ಕೇ. ಆದರೆ ಇಲ್ಲೂ ಕಾಲ ಮುಂದೆ ಹೋಗಿದೆ. 22.04ರ 6.2 ಮತ್ತು ನಂತರದ ಸಾಮಾನ್ಯ ಕರ್ನೆಲುಗಳಲ್ಲಿ, ಬೂಟ್ ಸಾಲಿಗೆ ಒಂದು ಆಯ್ಕೆ ಸೇರಿಸಿದರೆ ಪೂರ್ಣ ಪ್ರಿಎಂಪ್ಷನ್ (ನಡೆಯುತ್ತಿರುವ ಕೆಲಸವನ್ನು ತಡೆದು ತುರ್ತಿನದಕ್ಕೆ ದಾರಿ ಬಿಡುವ ವ್ಯವಸ್ಥೆ) ಚಾಲೂ ಆಗುತ್ತದೆ. 24.10ರಲ್ಲಿ ಉಬುಂಟು ಪ್ರತ್ಯೇಕ ಲೋ ಲೇಟೆನ್ಸಿ ಕರ್ನೆಲನ್ನೇ ಬಿಟ್ಟು, ಸಾಮಾನ್ಯ ಕರ್ನೆಲಿಗೆ ಇಂಥ ಆಯ್ಕೆಗಳನ್ನು ಹೊಂದಿಸುವ ದಾರಿ ಹಿಡಿಯಿತು. ಸುಮಾರು ಇಪ್ಪತ್ತು ವರ್ಷ ಹೊರಗಿದ್ದ ರಿಯಲ್‌ಟೈಮ್ ತಿದ್ದುಪಡಿಗಳೂ 2024ರಲ್ಲಿ 6.12ರೊಳಗೆ ಬಂದವು. ಹೊರಗಿನ ಪ್ರಯೋಗದಲ್ಲಿ ಸತ್ವವಿದ್ದರೆ ಅದು ಇಂದಲ್ಲ ನಾಳೆ ಮುಖ್ಯ ಕರ್ನೆಲಿಗೆ ಬರುತ್ತದೆ. ಆ ತನಕ ಕಾಯಲಾಗದವರು ಎಷ್ಟು ಮಂದಿ ಎಂಬುದಷ್ಟೇ ಪ್ರಶ್ನೆ, ಶಾಲೆ ಅವರಲ್ಲಿ ಒಂದಲ್ಲ.

ಸಾಕುವ ಕೆಲಸದ ಭಾರ ಗೊತ್ತಾಗುವುದು ಭದ್ರತೆಯಲ್ಲಿ. 2022ರ ಮಾರ್ಚಿನಲ್ಲಿ ಬಯಲಾದ ಡರ್ಟಿ ಪೈಪ್ ದೋಷ, ಸಾಮಾನ್ಯ ಬಳಕೆದಾರನಿಗೆ ರೂಟ್ ಅಧಿಕಾರ ದಕ್ಕಿಸಿಕೊಡುವಂಥದ್ದು. ಅದು ಇದ್ದದ್ದು 5.8 ಮತ್ತು ಅದರ ನಂತರದ ಕರ್ನೆಲುಗಳಲ್ಲಿ, ಅಂದರೆ 18.04ರ ಹಳೆಯ 4.15, 5.4ರಲ್ಲಿ ಇರಲಿಲ್ಲ. ಹೊಸತೆಲ್ಲ ಭದ್ರ ಎಂಬ ಮಾತು ಇಲ್ಲಿ ಬಿದ್ದುಹೋಗುತ್ತದೆ. ಹಾಗೆಂದು ಹಳೆಯದರಲ್ಲೇ ಉಳಿಯಬೇಕೆಂದೂ ಅಲ್ಲ, 18.04ರ ಸಾಮಾನ್ಯ ಬೆಂಬಲ 2023ರ ಮೇ ತಿಂಗಳಲ್ಲೇ ಮುಗಿಯಿತು. ಡರ್ಟಿ ಪೈಪ್‌ಗೆ ತಿದ್ದುಪಡಿ ಬೇಗ ಬಂತು. ಉಬುಂಟುವಿನ ಕರ್ನೆಲಿನಲ್ಲಿದ್ದವರಿಗೆ ಅದು ತಾನಾಗಿ ಇಳಿಯಿತು. ಎಲ್ಲಿಂದಲೋ ಒಂದು ಡೆಬ್ ಫೈಲ್ ಇಳಿಸಿಕೊಂಡು ಹಾಕಿದವರಿಗೆ ಇಳಿಯುವುದಿಲ್ಲ. ಹೊರಗಿನ ರೆಪೊಸಿಟರಿ ಸೇರಿಸಿದ್ದರೂ, ಉಬುಂಟುವಿನ ಸ್ವಯಂಚಾಲಿತ ಭದ್ರತಾ ಅಪ್‌ಡೇಟ್ ಅದನ್ನು ತಾನಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಉಬುಂಟುವಿನ ಮೇನ್‌ಲೈನ್ ಕರ್ನೆಲುಗಳು ಕೂಡ ಪರೀಕ್ಷೆಗೆಂದು ಕೊಟ್ಟವು, ಬೆಂಬಲವಿಲ್ಲದವು. ಇದಕ್ಕೆ ಊರಿನ ತೊಂದರೆಯೂ ಸೇರುತ್ತದೆ. ಆಟಿಯ ಮಳೆಗೆ ಕರೆಂಟು ಹೋಗಿ ಬಂದು ಮಾಡುವಾಗ, ಯುಪಿಎಸ್ ಇಲ್ಲದ ಡೆಸ್ಕ್‌ಟಾಪಿನಲ್ಲಿ ಬೂಟಿಗೆಂದು ಕರ್ನೆಲಿನ ಜೊತೆ ಬರುವ ಇನಿಟ್‌ರ‍್ಯಾಮ್‌ಎಫ್‌ಎಸ್ ಅರ್ಧ ಬರೆದು ನಿಂತರೆ ಮುಂದಿನ ಬೂಟಿಗೆ ಪ್ಯಾನಿಕ್ ಸಂದೇಶವೇ ಗತಿ. ಹಳೆಯ ಕರ್ನೆಲ್ ಗ್ರಬ್ ಬೂಟ್ ಪಟ್ಟಿಯಲ್ಲಿ ಉಳಿದಿದ್ದರೆ ಐದು ನಿಮಿಷದ ಕೆಲಸ. ಜಾಗ ಉಳಿಸಲು ಅದನ್ನು ಅಳಿಸಿದವರು ಪೆನ್‌ಡ್ರೈವ್ ಹುಡುಕಬೇಕು.

ಸ್ವಾತಂತ್ರ್ಯಕ್ಕಾಗಿ ಕಟ್ಟಿದ ವ್ಯವಸ್ಥೆಯಲ್ಲಿ ಕರ್ನೆಲ್ ಮುಟ್ಟಬೇಡಿ ಎಂದರೆ ಅದು ವಿಂಡೋಸಿನ ಭಾಷೆಯೇ ಅಲ್ಲವೇ ಎಂಬ ಆಕ್ಷೇಪ ತೂಕದ್ದು. 2001ರಲ್ಲಿ ಸ್ವತಂತ್ರ ತಂತ್ರಾಂಶ ಚಳವಳಿಯ ರಿಚರ್ಡ್ ಸ್ಟಾಲ್‌ಮನ್ ತಿರುವನಂತಪುರಕ್ಕೆ ಬಂದು ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಆಫ್ ಇಂಡಿಯಾಕ್ಕೆ ಚಾಲನೆ ಕೊಟ್ಟ ನೆಲದಲ್ಲಿ ಈ ಪ್ರಶ್ನೆ ಏಳಲೇಬೇಕು. ಅವರ ನಿಲುವನ್ನು ಕೊನೆತನಕ ಒಯ್ದರೆ ಸಿಗುವುದು ಲಿನಕ್ಸ್-ಲಿಬ್ರೆ, ಅಂದರೆ ಮೂಲ ಕೋಡ್ ಸಿಗದ ಫರ್ಮ್‌ವೇರನ್ನೆಲ್ಲ ಬಿಟ್ಟ ಕರ್ನೆಲ್. ತತ್ವದಲ್ಲಿ ಬದಲಿ ಕರ್ನೆಲುಗಳ ಪೈಕಿ ಇದೇ ಹೆಚ್ಚು ಪ್ರಾಮಾಣಿಕ. ಆದರೆ ಅಂಥ ಫರ್ಮ್‌ವೇರ್ ಕೇಳುವ ಮೇಲಿನ ರಿಯಲ್‌ಟೆಕ್ ಚಿಪ್ಪುಗಳು ಅದರ ಕೆಳಗೆ ಮೌನವಾಗುತ್ತವೆ. ಹಾಗಾಗಿ ಆ ಆಯ್ಕೆ ಮಾಡಬೇಕಾದ್ದು ಟೆಂಡರ್ ಕರೆಯುವ ಹೊತ್ತಿನಲ್ಲಿ, ಯಾವ ವೈಫೈ ಚಿಪ್ ಕೊಳ್ಳಬೇಕು ಎಂಬಲ್ಲಿ. ಶಾಲೆಗೆ ಲ್ಯಾಪ್‌ಟಾಪ್ ಬಂದ ಮೇಲೆ ಅಲ್ಲಿನ ಶಿಕ್ಷಕಿ ಒಬ್ಬರೇ ನಿಭಾಯಿಸುವ ವಿಚಾರ ಅದಲ್ಲ. ಉಳಿದದ್ದು ಕಲಿಕೆಯ ವಾದ. ಕೆಡಿಸದೆ ಕಲಿಯಲಾಗದು ಎಂಬುದು ಸರಿ. ಶಾಲೆಗಳ ಲಿಟ್ಲ್ ಕೈಟ್ಸ್ ಕ್ಲಬ್ಬಿನ ಹುಡುಗರಿಗೆ, ಪೊವ್ವಲ್‌ನ ಎಲ್‌ಬಿಎಸ್ ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳಿಗೆ ಕರ್ನೆಲ್ ಮುಟ್ಟುವ ಅವಕಾಶ ಬೇಕೇ ಬೇಕು, ಆದರೆ ಅದು ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರನ್ನು ಅನುಕರಿಸುವ ತಂತ್ರಾಂಶದಲ್ಲಿರಲಿ. ವರ್ಚುವಲ್‌ಬಾಕ್ಸಿನ ಒಳಗೆ ಕೆಟ್ಟರೆ ಪಕ್ಕದವರ ಪಾಠ ನಿಲ್ಲುವುದಿಲ್ಲ. ಅಲ್ಲಿ ಡೆಬಿಯನ್‌ನ ಗ್ನು/ಹರ್ಡ್ ಹಾಕಿ ನೋಡಲಿ: ಮೇಲಿನ ಆಜ್ಞೆಗಳು ಪರಿಚಿತವಾಗಿಯೇ ಇದ್ದು ಕೆಳಗಿನ ಕರ್ನೆಲ್ ಪೂರ್ತಿ ಬೇರೆಯಾಗುವುದನ್ನು ಲಿಕೋರಿಕ್ಸ್ ತೋರಿಸಲಾರದು. ಹರ್ಡ್‌ನ ಒಡಹುಟ್ಟಿನಂತಿದ್ದ, ಫ್ರೀಬಿಎಸ್‌ಡಿ ಕರ್ನೆಲಿನ ಡೆಬಿಯನ್ ಗ್ನು/ಕೆಫ್ರೀಬಿಎಸ್‌ಡಿ 2011ರಲ್ಲಿ ಬಿಡುಗಡೆಯಾಗಿ, ನೋಡಿಕೊಳ್ಳುವ ಕೈಗಳು ಸಾಲದೆ 2023ರಲ್ಲಿ ಮುಚ್ಚಿತು. ಅದನ್ನೂ ಅದೇ ತರಗತಿಯಲ್ಲಿ ಹೇಳಬಹುದು.