ವೈದ್ಯವಿಷಯಕೋಶವೂ ಯಂತ್ರದ ತಾತ್ಪರ್ಯನಿರ್ಣಯವೂ

ಶಬ್ದವೊಂದು ಲೇಖನದಲ್ಲಿ ಬಂದಿರುವುದು ಬೇರೆ, ಲೇಖನದ ತಾತ್ಪರ್ಯವು ಅದರಲ್ಲಿರುವುದು ಬೇರೆ. ಮೀಮಾಂಸಕರಿಗೆ ಸುಪರಿಚಿತವಾದ ಈ ಭೇದವು ಅಮೆರಿಕದ ರಾಷ್ಟ್ರೀಯ ವೈದ್ಯಗ್ರಂಥಾಲಯದ ವಿಷಯಸೂಚಿಗೂ ಆಧಾರವಾಗಿದ್ದಿತು. ಜಾನ್ ಶಾ ಬಿಲ್ಲಿಂಗ್ಸರು 1879ರಲ್ಲಿ ಆರಂಭಿಸಿದ ‘ಇಂಡೆಕ್ಸ್ ಮೆಡಿಕಸ್’ ಆ ಸೂಚಿಯ ಮೂಲವು. ಇಂದಿನ ‘ಪಬ್‌ಮೆಡ್’ ಭಂಡಾರದಲ್ಲಿ 3.7 ಕೋಟಿಗೂ ಮೀರಿದ ಉಲ್ಲೇಖಗಳಿವೆ. 1960ರಲ್ಲಿ ಪ್ರಕಟವಾದ ‘ಮೆಶ್’ ಎಂಬ ವಿಷಯಕೋಶದಿಂದ ಲೇಖನಕ್ಕೆ ತಕ್ಕ ಪದಗಳನ್ನು ಆರಿಸಿ ಕೊಡುವುದು ಸೂಚೀಕಾರನ ಕಾರ್ಯ.

ಕೋಶದ ರಚನೆಯು ಶ್ಲಾಘ್ಯವಾದುದು. ಪರ್ಯಾಯಪದಗಳು ಒಂದೇ ಪ್ರಧಾನಪದದ ಕೆಳಗೆ ಸೇರುತ್ತವೆ. ಅಮರಕೋಶವನ್ನು ಬಾಯಿಪಾಠ ಮಾಡಿದವರಿಗೆ ಇದು ಹೊಸತಲ್ಲ. ‘ಹಾರ್ಟ್ ಅಟ್ಯಾಕ್’ ಎಂದು ಹುಡುಕಿದವನಿಗೂ ‘ಮಯೋಕಾರ್ಡಿಯಲ್ ಇನ್‌ಫಾರ್ಕ್ಷನ್’ ಎಂದು ಬರೆದವನ ಲೇಖನವು ದೊರೆಯುವುದು ಇದರಿಂದಲೇ. ತೊಡಕಿರುವುದು ನಾನಾರ್ಥಗಳಲ್ಲಿ. ಕನ್ನಡದ ‘ಶೀತ’ದಂತೆ ಇಂಗ್ಲಿಷಿನ ‘ಕೋಲ್ಡ್’ ಶಬ್ದವೂ ನೆಗಡಿಯನ್ನೂ ಚಳಿಯನ್ನೂ ಹೇಳುತ್ತದೆ. ಸಾಲದುದಕ್ಕೆ, ಶ್ವಾಸಕೋಶದ ದೀರ್ಘರೋಗವೊಂದರ ಹೆಸರಿನ ಆದ್ಯಕ್ಷರಗಳು ಕೂಡಿದರೂ ಅದೇ ಶಬ್ದವಾಗುತ್ತದೆ. ಪ್ರಕರಣವನ್ನು ನೋಡದೆ ಅರ್ಥವು ನಿಶ್ಚಯವಾಗದು.

ಈ ನಿಶ್ಚಯವನ್ನು ಬಹುಕಾಲ ಮನುಷ್ಯರೇ ಲೇಖನವನ್ನು ತೆರೆದು ನೋಡಿ ಮಾಡುತ್ತಿದ್ದರು. 2002ರಿಂದ ಗಣಕಯಂತ್ರದ ತಂತ್ರಾಂಶವೊಂದು ಅವರಿಗೆ ಪದಗಳನ್ನು ಸೂಚಿಸತೊಡಗಿತು. 2022ರಲ್ಲಿ ಅದೇ ಸೂಚೀಕಾರನಾಯಿತು. ಮನುಷ್ಯರು ಈಗ ಆಯ್ದ ಕೆಲವನ್ನು ಪರಿಶೀಲಿಸುತ್ತಾರೆ. ಹಿಂದೆ ಬಹುದಿನ ಹಿಡಿಯುತ್ತಿದ್ದ ಕಾರ್ಯವು ಒಂದು ದಿನದಲ್ಲಿ ಮುಗಿಯುತ್ತದೆ. ಅಲ್ಪಲಾಭವೆಂದು ಯಾರೂ ಹೇಳಲಾರರು.

ಆದರೆ ಯಂತ್ರವು ಓದುವುದು ಶೀರ್ಷಿಕೆಯನ್ನೂ ಸಾರಸಂಗ್ರಹವನ್ನೂ, ಲೇಖನದ ಒಡಲನ್ನಲ್ಲ. ಉಪಕ್ರಮೋಪಸಂಹಾರ, ಅಭ್ಯಾಸ, ಅಪೂರ್ವತೆ, ಫಲ, ಅರ್ಥವಾದ, ಉಪಪತ್ತಿ ಎಂದು ಪೂರ್ವಿಕರು ಎಣಿಸಿದ ತಾತ್ಪರ್ಯಲಿಂಗಗಳಲ್ಲಿ ಸಾರಸಂಗ್ರಹದಿಂದ ತಿಳಿಯುವುವು ಎಷ್ಟು? ಫಲವುಂಟು. ಅರ್ಥವಾದವಂತೂ ಯಥೇಚ್ಛವಾಗಿ ಉಂಟು. ಅದನ್ನು ಬರೆಯುವವನು ಗ್ರಂಥಕರ್ತನೇ ಅಷ್ಟೆ. ಉಪಪತ್ತಿಯು ಬಹುಮಟ್ಟಿಗೆ ಒಡಲಿನಲ್ಲಿಯೇ ಉಳಿಯುತ್ತದೆ. ಪ್ರಯೋಗವು ನಡೆದುದು ಇಲಿಗಳ ಮೇಲೆ ಎಂಬುದನ್ನು ಶೀರ್ಷಿಕೆಯು ಹೇಳದಿರುವುದು ವಿರಳವಲ್ಲ. ಮನುಷ್ಯನೋ ಪ್ರಾಣಿಯೋ, ಸ್ತ್ರೀಯೋ ಪುರುಷನೋ, ವಯಸ್ಸೆಷ್ಟು ಎಂಬುದನ್ನು ಹಿಂದಿನ ಸೂಚೀಕಾರನು ಲೇಖನದೊಳಗಿನಿಂದ ಹೆಕ್ಕಿ ಬರೆಯುತ್ತಿದ್ದನು. ಔಷಧವೊಂದರ ಕುರಿತ ಸಕಲ ಪ್ರಯೋಗಗಳನ್ನೂ ಕಲೆಹಾಕಿ ಗುಣದೋಷವನ್ನು ತೀರ್ಮಾನಿಸುವ ವಿದ್ವಾಂಸನು ಹುಡುಕುವಾಗ ಈ ಪದಗಳನ್ನೂ ನಂಬಿರುತ್ತಾನೆ. ಪದವು ತಪ್ಪಿದರೆ ಲೇಖನವು ಕೈತಪ್ಪಬಹುದು; ಅಂತಹದೊಂದು ಇದ್ದಿತೆಂಬ ಅರಿವೂ ಅವನಿಗೆ ಆಗದು.

ಯಂತ್ರವನ್ನು ಜಡವೆಂದು ನಿಂದಿಸುವುದು ಅನ್ಯಾಯ. ಸೂಚೀಕಾರರು ದಶಕಗಳ ಕಾಲ ಪದವಿಟ್ಟ ಲೇಖನರಾಶಿಯಿಂದಲೇ ಅದು ಕಲಿತುದರಿಂದ ಅವರ ವಿವೇಕದ ಸಂಸ್ಕಾರವು ಅದರಲ್ಲಿದೆ. ಆದರೆ ಕೋಶಕ್ಕೆ ವರ್ಷಂಪ್ರತಿ ಹೊಸ ಪದಗಳು ಸೇರುತ್ತಿವೆ. ಗುರುವು ಪ್ರಯೋಗಿಸಿ ತೋರಿಸದ ಪದವನ್ನು ಶಿಷ್ಯನು ಯಾರಿಂದ ಕಲಿಯಬೇಕು? ಆ ಪದಗಳಿಗಾದರೂ ಮೊದಲ ಕೆಲವು ವರ್ಷ ಮನುಷ್ಯನಾದ ಸೂಚೀಕಾರನನ್ನೇ ನಿಯಮಿಸುವುದು ಯುಕ್ತವಾಗಿ ತೋರುತ್ತದೆ.