ನೀಲಿ ಜೆಟ್ಟಿನ ಅನುಮಾನ

ಮೂರು ಆಟಿಕೆ ಜೆಟ್‌ಗಳನ್ನು ಸಾಲಾಗಿ ನಿಲ್ಲಿಸಿದರೆ ಆಕಾರದಲ್ಲಿ ಎಳ್ಳಷ್ಟೂ ವ್ಯತ್ಯಾಸ ಕಾಣುವುದಿಲ್ಲ. ಚೂಪು ಮೂಗು, ಅಗಲ ರೆಕ್ಕೆ, ಜೋಡಿ ಬಾಲ, ಎಲ್ಲವೂ ಅಮೆರಿಕದ ಎಫ್-15 ಈಗಲ್ ಯುದ್ಧವಿಮಾನದವು. ಬೂದು ಮೈಗೆ ಕೆಂಪು ಪಟ್ಟಿ ಇರುವುದು ಸ್ಟಾರ್‌ಸ್ಕ್ರೀಮ್. ಕಪ್ಪು-ನೇರಳೆಯದು ಸ್ಕೈವಾರ್ಪ್. ನೀಲಿಯದು ಥಂಡರ್‌ಕ್ರ್ಯಾಕರ್. 1984ರಲ್ಲಿ ಹ್ಯಾಸ್ಬ್ರೊ ಕಂಪನಿ ಟ್ರಾನ್ಸ್‌ಫಾರ್ಮರ್ಸ್ ಎಂಬ ರೂಪ ಬದಲಿಸುವ ರೋಬೋ ಆಟಿಕೆಗಳನ್ನು ಅಮೆರಿಕದ ಅಂಗಡಿಗಳಿಗೆ ತಂದಾಗ ಈ ಮೂವರೂ ಡಿಸೆಪ್ಟಿಕಾನ್ ಎಂಬ ಖಳರ ಪಡೆಯ ಹಾರುವ ಯೋಧರಾಗಿ ಬಂದರು. ಅಚ್ಚು ಒಂದೇ, ಬಣ್ಣ ಬೇರೆ. ಒಂದು ಅಚ್ಚಿನ ಖರ್ಚಿನಲ್ಲಿ ಮೂರು ಗೊಂಬೆ ಮಾರುವ ವ್ಯಾಪಾರದ ಜಾಣ್ಮೆ ಅದು.

ಆ ಅಚ್ಚು ಹ್ಯಾಸ್ಬ್ರೊದ್ದೂ ಅಲ್ಲ. ಜಪಾನಿನ ಟಕಾರಾ ಕಂಪನಿಯ ಡಯಾಕ್ಲೋನ್ ಸರಣಿಯಿಂದ ತಂದದ್ದು. ಅಲ್ಲಿ ಈ ರೋಬೋಗಳಿಗೆ ಜೀವವೇ ಇರಲಿಲ್ಲ. ಹೆಬ್ಬೆರಳಿಗಿಂತ ಚಿಕ್ಕ ಮನುಷ್ಯರು ಒಳಗೆ ಕೂತು ನಡೆಸುವ ಯಂತ್ರಗಳು ಅವು. ಆದ್ದರಿಂದಲೇ ಆಟಿಕೆಯ ಕಾಕ್‌ಪಿಟ್ ತೆರೆದರೆ ಒಳಗೆ ಪೈಲಟ್ ಕೂರುವಷ್ಟು ಜಾಗ ಉಳಿದಿದೆ. ಅಮೆರಿಕಕ್ಕೆ ಬರುವಾಗ ಪೈಲಟ್ ಕಳಚಿಕೊಂಡ, ಯಂತ್ರಕ್ಕೇ ಹೆಸರು ಬೇಕಾಯಿತು, ಹೆಸರಿನ ಹಿಂದೆ ಒಂದು ಸ್ವಭಾವವೂ ಬೇಕಾಯಿತು. ಆ ಕೆಲಸದ ಬಹುಪಾಲು ಬಿದ್ದದ್ದು ಮಾರ್ವೆಲ್ ಕಾಮಿಕ್ಸ್‌ನ ಸಂಪಾದಕ ಬಾಬ್ ಬುಡಿಯಾನ್ಸ್ಕಿ ಅವರ ಮೇಲೆ. ಒಂದೊಂದು ಪಾತ್ರಕ್ಕೂ ಪೆಟ್ಟಿಗೆಯ ಹಿಂಬದಿಯಲ್ಲಿ ಹಿಡಿಸುವಷ್ಟೇ ಜಾಗ, ನಾಲ್ಕಾರು ಸಾಲು. ಪಕ್ಕದಲ್ಲಿ ಕೆಂಪು ಪ್ಲಾಸ್ಟಿಕ್ ಹಾಳೆ ಹಿಡಿದು ಓದಬೇಕಾದ ಶಕ್ತಿ-ವೇಗ-ಬುದ್ಧಿಯ ಪಟ್ಟಿ.

ಥಂಡರ್‌ಕ್ರ್ಯಾಕರ್‌ನ ಪಾಲಿಗೆ ಬಂದ ಸಾಲುಗಳು ಇಡೀ ಸರಣಿಯಲ್ಲೇ ವಿಶೇಷವಾದವು. ಹಾರಲಾರದ ಯಾವುದನ್ನು ಕಂಡರೂ ಅವನಿಗೆ ತಾತ್ಸಾರ. ಗಂಟೆಗೆ 1,500 ಮೈಲಿ ವೇಗ. ಶಬ್ದದ ವೇಗ ಮೀರಿದಾಗ ಏಳುವ ಸದ್ದನ್ನು 200 ಮೈಲಿ ದೂರಕ್ಕೆ ಹರಡಬಲ್ಲ. (2020ರ ಮೇ ತಿಂಗಳಲ್ಲಿ ವಾಯುಪಡೆಯ ವಿಮಾನವೊಂದರ ಪರೀಕ್ಷಾ ಹಾರಾಟದಿಂದ ಬೆಂಗಳೂರಿನ ಕಿಟಕಿಗಳು ಅದುರಿದ್ದನ್ನು ಕೇಳಿದವರಿಗೆ ಈ ಸದ್ದು ಎಂಥದೆಂದು ಬಿಡಿಸಿ ಹೇಳಬೇಕಿಲ್ಲ.) ಇಷ್ಟು ಮಾತ್ರ ಇದ್ದಿದ್ದರೆ ಅವನೂ ಹತ್ತರ ಜೊತೆ ಹನ್ನೊಂದನೆಯವನಾಗುತ್ತಿದ್ದ. ಆದರೆ ಬುಡಿಯಾನ್ಸ್ಕಿ ಇನ್ನೊಂದು ಮಾತು ಸೇರಿಸಿದರು. ಇವನಿಗೆ ತನ್ನ ಪಡೆಯ ಹೋರಾಟ ಸರಿಯೆಂಬ ಪೂರ್ತಿ ನಂಬಿಕೆಯಿಲ್ಲ. ಜೊತೆಯವರು ಪುಸಲಾಯಿಸಿ ಉಳಿಸಿಕೊಂಡಿದ್ದಾರೆ. ಈ ಅನುಮಾನ ಕೆಲವೊಮ್ಮೆ ಅವನ ಕೈ ಕಟ್ಟುತ್ತದೆ.

ಮಕ್ಕಳ ಆಟಿಕೆಯ ರಟ್ಟಿನ ಮೇಲೆ ಇಂಥ ಮಾತು ಬಂತೆಂಬುದನ್ನು ಗಮನಿಸಬೇಕು. ಪಕ್ಕದ ಸ್ಟಾರ್‌ಸ್ಕ್ರೀಮ್‌ನ ಸ್ವಭಾವ ಅಧಿಕಾರದಾಸೆ, ನಾಯಕ ಮೆಗಾಟ್ರಾನ್‌ನ ಪೀಠದ ಮೇಲೆ ಸದಾ ಕಣ್ಣು. ಕತೆ ಹೇಳುವವರಿಗೆ ಅದು ಸುಲಭದ ಸರಕು. ಪಡೆಯನ್ನು ಬಿಟ್ಟು ಹೋಗುವ ಧೈರ್ಯವೂ ಇಲ್ಲದೆ, ಮನಸಾರೆ ಇರಲೂ ಆಗದೆ ನಡುವೆ ಸಿಕ್ಕಿಕೊಂಡವನ ಸಂಕಟ ಅದಕ್ಕಿಂತ ಆಳದ್ದು. ವಿಭೀಷಣ ದಾಟಿ ಹೋದ. ಇವನು ವಿಕರ್ಣನ ಜಾತಿ. ದ್ಯೂತಸಭೆಯಲ್ಲಿ ದ್ರೌಪದಿಗಾಗಿ ಬಾಯಿ ತೆರೆದ ಕೌರವ ವಿಕರ್ಣನೊಬ್ಬನೇ. ಆದರೂ ಕುರುಕ್ಷೇತ್ರದಲ್ಲಿ ಅಣ್ಣನ ಕಡೆಯೇ ನಿಂತ, ಭೀಮನ ಕೈಯಲ್ಲಿ ಸತ್ತ. ಥಂಡರ್‌ಕ್ರ್ಯಾಕರ್‌ಗೆ ಸಭೆಯಲ್ಲಿ ಬಾಯಿ ತೆರೆಯುವ ಆ ಒಂದು ಗಳಿಗೆಯೂ ಬಹಳ ಕಾಲ ಸಿಗಲಿಲ್ಲ.

ಟಿವಿ ಕಾರ್ಟೂನ್ ಅವನಿಗೆ ಮಾಡಿದ್ದು ಅನ್ಯಾಯವೇ. ಮೊದಲ ಎರಡು ವರ್ಷಗಳಲ್ಲಿ 65 ಕಂತುಗಳು ಬಂದವು. ಥಂಡರ್‌ಕ್ರ್ಯಾಕರ್ ಮತ್ತೆ ಮತ್ತೆ ಹಾರಿದ, ಗುಂಡು ಹಾರಿಸಿದ, ಪೆಟ್ಟು ತಿಂದು ಬಿದ್ದ. ಜಾನ್ ಸ್ಟೀಫನ್‌ಸನ್ ಕಂಠ ಕೊಟ್ಟರೂ ಆ ಕಂಠಕ್ಕೆ ಹೇಳಲು ಹೆಚ್ಚೇನನ್ನೂ ಕೊಡಲಿಲ್ಲ. ಪೆಟ್ಟಿಗೆಯ ಮೇಲಿದ್ದ ಅನುಮಾನ ಪರದೆಗೆ ಬಂದದ್ದು ಇಲ್ಲವೆನ್ನುವಷ್ಟು ಕಡಿಮೆ. ಅವಸರದ ಚಿತ್ರಣದಲ್ಲಿ ಅವನ ಬಣ್ಣವನ್ನೇ ತಪ್ಪಾಗಿ ತುಂಬಿದ ದೃಶ್ಯಗಳೂ ಉಂಟು. ಬಣ್ಣವೊಂದೇ ಗುರುತಾಗಿರುವ ಪಾತ್ರಕ್ಕೆ ಅದೂ ತಪ್ಪಿದರೆ ಉಳಿಯುವುದೇನು? ಆಟಿಕೆ ಮಾರಲೆಂದೇ ಹುಟ್ಟಿದ ಕಾರ್ಯಕ್ರಮದಲ್ಲಿ ಹಿಂಬದಿಯ ಪಾತ್ರಗಳಿಗೆ ಅವಕಾಶ ಸಿಗುವುದು ಕಷ್ಟವೆಂಬ ವಾದವಿದೆ. ಒಪ್ಪುವುದು ಕಷ್ಟ. ಅದೇ ಕಾರ್ಯಕ್ರಮ ಸ್ಟಾರ್‌ಸ್ಕ್ರೀಮ್‌ನ ಹಳೆಯ ಗೆಳೆಯ ಸ್ಕೈಫೈರ್‌ಗೆ ಪಕ್ಷ ಬದಲಿಸುವ ಒಂದು ಒಳ್ಳೆಯ ಕಂತನ್ನೇ ಕೊಟ್ಟಿತ್ತು.

1986ರ ಆಗಸ್ಟ್‌ನಲ್ಲಿ ಬಂದ ಸಿನಿಮಾ ಅವನ ಲೆಕ್ಕವನ್ನೇ ಮುಗಿಸಿತು. ಸೋತ ಡಿಸೆಪ್ಟಿಕಾನ್‌ಗಳನ್ನು ಹೊತ್ತ ಅವರದೇ ಪಡೆಯ ಆಸ್ಟ್ರೋಟ್ರೇನ್ ಭಾರ ತಾಳದೆ ಹೊರೆ ಇಳಿಸಿ ಎನ್ನುತ್ತಾನೆ. ಗಾಯಗೊಂಡವರನ್ನು ಹೊರಗೆಸೆಯೋಣವೇ ಎಂದು ಮತ ಕೇಳಲಾಗುತ್ತದೆ. ಗಟ್ಟಿಮುಟ್ಟಾದವರೆಲ್ಲ ಹೌದು, ಗಾಯಾಳುಗಳೆಲ್ಲ ಬೇಡ. ಥಂಡರ್‌ಕ್ರ್ಯಾಕರ್ ಗಾಯಾಳುಗಳ ಗುಂಪಿನಲ್ಲಿದ್ದ. ಬಾಹ್ಯಾಕಾಶಕ್ಕೆ ಎಸೆಯಲ್ಪಟ್ಟವನನ್ನು ಗ್ರಹಭಕ್ಷಕ ಯೂನಿಕ್ರಾನ್ ಕರಗಿಸಿ ಸ್ಕರ್ಜ್ ಎಂಬ ಹೊಸ ಖಳನನ್ನಾಗಿ ಎರಕ ಹೊಯ್ಯುತ್ತಾನೆ. ಅಂಗಡಿಯ ಕಪಾಟಿನಲ್ಲಿ ಹಳೆಯ ಸರಕು ತೆಗೆದು ಹೊಸದನ್ನಿಡಬೇಕಿತ್ತು, ಅಷ್ಟೇ. ಆದರೂ ಈ ದೃಶ್ಯದಲ್ಲಿ ಒಂದು ನಿಜ ಹೊರಬಿತ್ತು. ಯಾರ ಪುಸಲಾವಣೆಯಿಂದ ಇವನು ಪಡೆಯಲ್ಲಿ ಉಳಿದನೋ ಅವರೇ ಹೌದೆಂದು ಇವನನ್ನು ಹೊರಗೆಸೆದರು. ಬರೆದವರಿಗೆ ಆ ರಟ್ಟಿನ ಸಾಲು ನೆನಪಿದ್ದಿದ್ದರೆ, ಇದೇ ದೃಶ್ಯದಲ್ಲಿ ಅವನಿಗೊಂದು ಮಾತು ಕೊಟ್ಟಿದ್ದರೆ, ಎದುರು ಪಡೆಯ ನಾಯಕ ಆಪ್ಟಿಮಸ್ ಪ್ರೈಮ್‌ನ ಸಾವಿನ ಜೊತೆಗೆ ಮಕ್ಕಳು ಇದನ್ನೂ ಮನೆಗೆ ಹೊತ್ತೊಯ್ಯುತ್ತಿದ್ದರು.

ಆ ಸಾಲನ್ನು ಮತ್ತೆ ಎತ್ತಿಕೊಂಡದ್ದು ಐಡಿಡಬ್ಲ್ಯು ಪ್ರಕಾಶನದ ಕಾಮಿಕ್ಸ್, ಸುಮಾರು 25 ವರ್ಷಗಳ ಬಳಿಕ. ಶೇನ್ ಮೆಕಾರ್ಥಿ ಬರೆದ, ಗೀಡೋ ಗೀಡಿ ಚಿತ್ರಿಸಿದ 'ಆಲ್ ಹೇಲ್ ಮೆಗಾಟ್ರಾನ್' 2008-09ರಲ್ಲಿ ಬಂತು. ಡಿಸೆಪ್ಟಿಕಾನ್‌ಗಳು ಗೆದ್ದಿದ್ದಾರೆ, ನ್ಯೂಯಾರ್ಕ್ ನಗರ ಅವರ ಕಾಲಡಿಯಲ್ಲಿದೆ. ಗೆದ್ದ ಮೇಲೆ ಥಂಡರ್‌ಕ್ರ್ಯಾಕರ್‌ನ ಅನುಮಾನ ಇನ್ನಷ್ಟು ಬೆಳೆಯುವಂತೆ ಬರೆದದ್ದು ಮೆಕಾರ್ಥಿಯ ಸೂಕ್ಷ್ಮ. ಸೋಲುವಾಗ ಪಕ್ಷ ಬದಲಿಸಿದರೆ ಅದು ಜೀವಭಯ. ಗೆದ್ದಾಗ ಹುಟ್ಟುವ ಅನುಮಾನವೇ ನಿಜವಾದದ್ದು. ಕೊನೆಯಲ್ಲಿ ನಗರದ ಮೇಲೆ ಬರುವ ಅಣುಬಾಂಬನ್ನು ಅವನು ತಡೆದು ದೂರ ಒಯ್ಯುತ್ತಾನೆ. ದ್ರೋಹಿಯೆಂದು ಅವನಿಗೆ ಗುಂಡಿಕ್ಕುವವನು ಅದೇ ಅಚ್ಚಿನ ಸಂಗಡಿಗ ಸ್ಕೈವಾರ್ಪ್.

ಥಂಡರ್‌ಕ್ರ್ಯಾಕರ್ ಸಾಯುವುದಿಲ್ಲ. ಅವನು ಎದುರು ಪಡೆಯಾದ ಆಟೊಬಾಟ್‌ಗಳ ಬಾಗಿಲು ತಟ್ಟಿ ಒಳ್ಳೆಯವನಾಗುವ ಹಳೆಯ ದಾರಿಯನ್ನೂ ಕತೆ ಹಿಡಿಯುವುದಿಲ್ಲ. ಭೂಮಿಯಲ್ಲಿ ಒಂಟಿಯಾಗಿ ಉಳಿದು ಮನುಷ್ಯರ ಟಿವಿ ಧಾರಾವಾಹಿ, ಸಿನಿಮಾಗಳ ರುಚಿ ಹತ್ತಿಸಿಕೊಳ್ಳುತ್ತಾನೆ. ಮುಂದೆ ಜಾನ್ ಬಾರ್ಬರ್ ಬರೆದ ಸಂಚಿಕೆಗಳಲ್ಲಿ ಚಿತ್ರಕತೆ ಬರೆಯಲು ತೊಡಗುತ್ತಾನೆ, ಬಸ್ಟರ್ ಎಂಬ ನಾಯಿ ಸಾಕುತ್ತಾನೆ. ಅವನ ಬರವಣಿಗೆ ಅಷ್ಟೇನೂ ಚೆನ್ನಾಗಿಲ್ಲ, ಆದರೆ ಬರೆಯುವ ಹಂಬಲ ಅಪ್ಪಟವಾದದ್ದು. ಹಾರಲಾರದ ಎಲ್ಲದರ ಬಗ್ಗೆ ತಾತ್ಸಾರವಿದ್ದವನು ನೆಲದ ಮೇಲೆ ನಾಲ್ಕು ಕಾಲಲ್ಲಿ ಓಡುವ ಪ್ರಾಣಿಯೊಂದನ್ನು ಹಚ್ಚಿಕೊಂಡ. ಬುಡಿಯಾನ್ಸ್ಕಿ ಬಿತ್ತಿದ ಬೀಜ ಇಷ್ಟು ಚೆಂದದ ಗಿಡವಾಗಬಹುದೆಂದು ಯಾರೂ ಊಹಿಸಿರಲಾರರು. ಮನಸ್ಸು ಬದಲಾಗುವುದು ಉಪದೇಶದಿಂದಲ್ಲ, ಬೇರೆಯವರ ಕತೆಗಳನ್ನು ಕೂತು ನೋಡುವುದರಿಂದ ಎಂಬುದನ್ನು ಬಾರ್ಬರ್ ಒಂದು ಭಾಷಣವೂ ಇಲ್ಲದೆ ತೋರಿಸಿದ್ದಾರೆ.

ಕೊರತೆಯೂ ಇಲ್ಲೇ ಇದೆ. ನ್ಯೂಯಾರ್ಕ್ ನೆಲಸಮವಾದ ಆಕ್ರಮಣದಲ್ಲಿ ಇವನೂ ಪಾಲುಗಾರ. ಕೊನೆಗೆ ಬಾಂಬು ತಡೆದದ್ದರಿಂದ ಮೊದಲಿನ ಸಾವುಗಳು ಅಳಿಸಿಹೋಗುವುದಿಲ್ಲ. ನಾಯಿ, ಚಿತ್ರಕತೆಗಳ ಲಘುವಾದ ನಗೆಯಲ್ಲಿ ಆ ಸಾವುಗಳ ಭಾರ ಮಸುಕಾಗುತ್ತದೆ. ಸ್ಕೈವಾರ್ಪ್‌ನ ಗುಂಡಿನ ನೋವೂ ಹಾಗೆಯೇ. ಮನುಷ್ಯರ ಬದುಕನ್ನು ಇಷ್ಟು ಪ್ರೀತಿಸಲು ಕಲಿತವನು ತಾನು ಕೊಂದ ಮನುಷ್ಯರನ್ನು ಎದುರಿಸುವ ಪುಟಗಳನ್ನು ಓದುಗರು ಕೇಳುವುದು ನ್ಯಾಯ. ಅನುಮಾನವನ್ನು ಇಷ್ಟು ಚೆನ್ನಾಗಿ ಬೆಳೆಸಿದ ಲೇಖಕರು ಪಶ್ಚಾತ್ತಾಪದ ಹತ್ತಿರ ಬಂದಾಗ ಬೇಗ ನಗಿಸಿಬಿಟ್ಟರು.

ಆ ಪುಟಗಳಿಗೆ ತೀರ ಸಮೀಪ ಬರುವುದು 2018ರ 'ಸ್ಟಾರ್‌ಸ್ಕ್ರೀಮ್: ದ ಮೂವಿ' ಎಂಬ ವಿಶೇಷ ಸಂಚಿಕೆ. ಥಂಡರ್‌ಕ್ರ್ಯಾಕರ್ ತನ್ನ ಹಳೆಯ ಸಂಗಡಿಗನ ಬದುಕನ್ನೇ ಸಿನಿಮಾ ಮಾಡಹೊರಡುತ್ತಾನೆ. 1984ರಿಂದ ಸ್ಟಾರ್‌ಸ್ಕ್ರೀಮ್‌ನ ಬೆನ್ನ ಹಿಂದೆ, ಅವನದೇ ಆಕಾರದಲ್ಲಿ, ಹೆಚ್ಚು ಮಾತಿಲ್ಲದೆ ಹಾರಿಕೊಂಡಿದ್ದ ನೀಲಿ ಜೆಟ್ ಈಗ ಸ್ಟಾರ್‌ಸ್ಕ್ರೀಮ್ ಯಾರು, ಅವನು ಹಾಗಾದದ್ದು ಯಾಕೆ ಎಂದು ಕೇಳಿ ಬರೆದುಕೊಳ್ಳುತ್ತಿದೆ.