ಶಾಸ್ತ್ರಲೇಖನದಲ್ಲಿ ಉಪಮಾನದ ಔಚಿತ್ಯ

ಜೀವಂತ ಕೋಶದೊಳಗಿನ ಅಮೈನೋ ಆಮ್ಲಗಳನ್ನು ಬೆಳಕಿನಿಂದ ಗುರುತಿಸುವ ಪ್ರತಿದೀಪ್ತಿ ಶೋಧಕಗಳನ್ನು ಕನ್ನಡದಲ್ಲಿ ವಿವರಿಸಹೊರಟವರಿಗೆ ಸುಲಭವಾಗಿ ಒದಗುವ ಉಪಮಾನವು ಮಿಂಚುಹುಳು. ಸಕಲೇಶಪುರ, ಆಲೂರುಗಳ ಬೆಟ್ಟಸೀಮೆಯಲ್ಲಿ ಮುಂಗಾರಿಗೆ ಮುನ್ನ ಕಾಫಿತೋಟದ ಕತ್ತಲೆಯಲ್ಲಿ ಮಿನುಗುವ ಈ ಹುಳುವು ಅಲ್ಲಿಯ ವಿದ್ಯಾರ್ಥಿಗೆ ಚಿರಪರಿಚಿತವಾದುದು. ಆದರೆ ಪರಿಚಿತವಾದುದೆಲ್ಲವೂ ಉಚಿತವಲ್ಲ. ಭಾಮಹನು ಎಣಿಸಿದ ಏಳು ಉಪಮಾದೋಷಗಳಲ್ಲಿ ಅಸದೃಶತೆಯೂ ಒಂದು. ಇಲ್ಲಿ ಒದಗುವ ದೋಷವು ಅದೇ.

ಮಿಂಚುಹುಳುವಿನ ಬೆಳಕು ಅದರ ಒಡಲಿನಲ್ಲಿಯೇ ಹುಟ್ಟುವುದು. ಲೂಸಿಫೆರಿನ್ ಎಂಬ ದ್ರವ್ಯವು ಆಮ್ಲಜನಕದೊಡನೆ ಸಂಯೋಗವಾದಾಗ ಅದು ತೋರುತ್ತದೆ; ಹೊರಗಣ ದೀಪವು ಬೇಕಿಲ್ಲ. ಪ್ರತಿದೀಪ್ತಿಯಾದರೋ ಪಡೆದ ಬೆಳಕಿಗೆ ಕೊಟ್ಟ ಉತ್ತರ. ಒಂದು ಬಣ್ಣದ ಬೆಳಕನ್ನು ಹೀರಿ, ಸಾಮಾನ್ಯವಾಗಿ ಅದಕ್ಕಿಂತ ಉದ್ದವಾದ ಅಲೆಯುಳ್ಳ ಬೇರೊಂದು ಬಣ್ಣವನ್ನು ಹೊರಸೂಸುವ ಈ ಗುಣವನ್ನು ಸ್ಟೋಕ್ಸನು 1852ರಲ್ಲಿ ವಿವರಿಸಿದನು. ‘ಪ್ರತಿ’ ಎಂಬ ಉಪಸರ್ಗವು ಈ ಅರ್ಥವನ್ನೇ ಹೊತ್ತಿದೆ. ಮಿಂಚುಹುಳುವನ್ನು ತಂದ ಕೂಡಲೆ ಆ ಉಪಸರ್ಗವು ವ್ಯರ್ಥವಾಗುತ್ತದೆ.

ಇದರಿಂದ ಶಾಸ್ತ್ರಕ್ಕೂ ಹಾನಿಯುಂಟು. ಸಿಸ್ಟೀನನ್ನು ಹುಡುಕುವ ಅನೇಕ ಶೋಧಕಗಳು ಅದರ ಗಂಧಕದ ತುದಿಗೆ ಕೂಡಿಕೊಂಡ ಮೇಲೆ ಪ್ರಜ್ವಲಿಸುತ್ತವೆ. ಅಂತಹ ತುದಿಯೇ ಗ್ಲುಟಾಥಯೋನಿನಲ್ಲಿಯೂ ಇರುವುದು. ಕೋಶದಲ್ಲಿ ಅದರ ಪ್ರಮಾಣವು ಸಾಮಾನ್ಯವಾಗಿ ಸಿಸ್ಟೀನಿಗಿಂತ ಬಹಳ ಹೆಚ್ಚು. ಆದುದರಿಂದ ಕಂಡ ಬೆಳಕು ಯಾವುದರ ಉತ್ತರವೆಂದು ಪರೀಕ್ಷಕನು ಕೇಳಲೇಬೇಕು. ಬೆಳಕು ತಾನಾಗಿಯೇ ಹೊರಡುವುದೆಂದು ಕಲಿತವನಿಗೆ ಈ ಪ್ರಶ್ನೆಯೇ ಹೊಳೆಯದು.

ಯೋಗ್ಯವಾದ ಉಪಮಾನವು ಅದೇ ತೋಟದಲ್ಲಿದೆ. ಕಾಫಿಯ ಹಸಿರೆಲೆಯನ್ನು ಅರೆದು ಮದ್ಯಸಾರದಲ್ಲಿ ನೆನೆಸಿ ಸೋಸಿದ ರಸದ ಮೇಲೆ ಕತ್ತಲೆಯಲ್ಲಿ ನೇರಳೆಯ ಬೆಳಕನ್ನು ಹಾಯಿಸಿದರೆ ಅದು ಕೆಂಪಾಗಿ ಹೊಳೆಯುತ್ತದೆ. ದೀಪವನ್ನು ಆರಿಸಿದೊಡನೆ ಆ ಕೆಂಪೂ ಆರುತ್ತದೆ. ಪ್ರತಿದೀಪ್ತಿಯ ಲಕ್ಷಣವು ಇಲ್ಲಿ ಕಣ್ಣಿಗೇ ಕಾಣುವುದು. ಸಸ್ಯಕೋಶಗಳ ಪರೀಕ್ಷೆಯಲ್ಲಿ ಪತ್ರಹರಿತ್ತಿನ ಈ ಕೆಂಪು ಶೋಧಕದ ಬೆಳಕಿನೊಡನೆ ಬೆರೆತು ಭ್ರಾಂತಿಯನ್ನುಂಟುಮಾಡಬಹುದೆಂಬ ಎಚ್ಚರವೂ ಇದರಿಂದಲೇ ಸಿಗುತ್ತದೆ. ಆದರೂ ಈ ಉಪಮಾನಕ್ಕೆ ಒಂದು ಮಿತಿಯುಂಟು: ಎಲೆಯ ರಸವು ಹೊಳೆಯುತ್ತದೆ, ಏನನ್ನೂ ಹುಡುಕುವುದಿಲ್ಲ. ಶೋಧನೆಯ ಅಂಶವನ್ನು ಬೇರೆಯಾಗಿಯೇ ಹೇಳಬೇಕು.

ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 1918ರಲ್ಲಿ ‘ವಿಜ್ಞಾನ’ ಪತ್ರಿಕೆಯನ್ನು ಹೊರಡಿಸಿದಂದಿನಿಂದ ಪಾರಿಭಾಷಿಕ ಪದಗಳಿಗಾಗಿ ನಮ್ಮವರು ಬಹಳವಾಗಿ ಶ್ರಮಿಸಿದ್ದಾರೆ. ಉಪಮಾನಗಳಿಗೂ ಅಷ್ಟೇ ಶ್ರಮವು ಸಲ್ಲಬೇಕು. ಪದವನ್ನು ಮರೆತ ವಿದ್ಯಾರ್ಥಿಯಲ್ಲಿಯೂ ಉಪಮಾನವು ಉಳಿದಿರುತ್ತದೆ.